ಉಗುರು ಚಿಕ್ಕದು, ಅದರ ಕೆಲಸ ದೊಡ್ಡದು



ಸಂಘದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಮಕ್ಕಳ ಶಾಲೆ, ಮನೆಯವರ ಆರೋಗ್ಯ ಎಲ್ಲವನ್ನೂ ಮಾತಾಡುತ್ತೇವೆ. ನಮ್ಮ ಕೈಗಳ ಬಗ್ಗೆ ಮಾತ್ರ ಮಾತಾಡುವುದಿಲ್ಲ. ಉಗುರಿನ ಸುದ್ದಿ ತೆಗೆದರಂತೂ “ಅದೇನ್ರಿ, ಪ್ಯಾಟಿ ಹೆಣ್ಮಕ್ಕಳ ಚಂದದ ಮಾತು” ಎಂದು ನಕ್ಕುಬಿಡುತ್ತೇವೆ. ಆದರೆ ಉಗುರಿನ ಮಾತು ಚಂದದ ಮಾತಷ್ಟೇ ಅಲ್ಲ, ದುಡಿಮೆಯ ಮಾತು. ಹೆಬ್ಬೆರಳು ಬಾತು ಕೀವು ತುಂಬಿದರೆ ರೊಟ್ಟಿ ಬಡಿಯಲು ಆಗುವುದಿಲ್ಲ, ಹತ್ತಿ ಬಿಡಿಸಲು ಆಗುವುದಿಲ್ಲ, ಮಗ್ಗದ ಎಳೆ ಹಿಡಿಯಲು ಆಗುವುದಿಲ್ಲ. ಆ ಬೆರಳಿಗೆ ಬಟ್ಟೆ ಸುತ್ತಿದ್ದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವುದೂ ಕಷ್ಟ.

ಒಂದು ಲೆಕ್ಕ ಹಾಕಿ ನೋಡಿರಿ. ನಿಮ್ಮ ಒಂದು ದಿನದ ಕೂಲಿ ಎಷ್ಟು? ಅದನ್ನು ನಾಲ್ಕರಿಂದ ಗುಣಿಸಿರಿ. ಅದಕ್ಕೆ ಖಾಸಗಿ ದವಾಖಾನೆಯ ಫೀ, ಗುಳಿಗೆ ಮತ್ತು ಬಸ್ಸಿನ ಖರ್ಚು ಸೇರಿಸಿರಿ. ಒಂದು ಉಗುರು ಕೆಟ್ಟು ನಾಲ್ಕು ದಿನ ಮನೆಯಲ್ಲಿ ಕುಳಿತರೆ ಹೋಗುವ ಹಣ ಇಷ್ಟು. ಎಷ್ಟು ವಾರದ ಉಳಿತಾಯ ಇದರಲ್ಲಿ ಹೋಯಿತು ಎಂದು ನೀವೇ ಹೇಳಿರಿ. ಈ ನಷ್ಟದ ಬಹುಪಾಲನ್ನು ಹೆಚ್ಚು ಖರ್ಚಿಲ್ಲದ ಸಣ್ಣ ಅಭ್ಯಾಸಗಳಿಂದ ತಪ್ಪಿಸಬಹುದು. ಈ ಸಲದ ಪಾಠ ಅದೇ.

ಉಗುರು ಅಂದರೆ ಏನು?

ನಮ್ಮ ಕೂದಲು, ದನದ ಕೋಡು, ಗೊರಸು ಯಾವ ವಸ್ತುವಿನಿಂದ ಆಗಿವೆಯೋ ಉಗುರೂ ಅದರಿಂದಲೇ ಆಗಿದೆ. ಅದಕ್ಕೆ ಕೆರಾಟಿನ್ ಎಂದು ಹೆಸರು. ನಮಗೆ ಕಾಣುವ ಗಟ್ಟಿ ಉಗುರಿನಲ್ಲಿ ಜೀವ ಇಲ್ಲ, ಅದಕ್ಕೇ ಕತ್ತರಿಸಿದರೆ ನೋವಾಗುವುದಿಲ್ಲ. ಜೀವ ಇರುವುದು ಬುಡದಲ್ಲಿ, ಚರ್ಮದ ಒಳಗೆ. ಅಲ್ಲಿ ಹೊಸ ಉಗುರು ಹುಟ್ಟಿ ಹಳೆಯದನ್ನು ಮುಂದಕ್ಕೆ ತಳ್ಳುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಒಂದು ಉಗುರು ಪೂರ್ತಿ ಕಿತ್ತುಹೋದರೆ ಮತ್ತೆ ತುಂಬಿ ಬರಲು ಸುಮಾರು 6 ತಿಂಗಳು ಬೇಕು. ಕಾಲಿನ ಹೆಬ್ಬೆರಳಿನ ಉಗುರಿಗೆ 12ರಿಂದ 18 ತಿಂಗಳು ಹಿಡಿಯುತ್ತದೆ. ಮುಂಗಾರಿನಲ್ಲಿ ಕೆಟ್ಟ ಉಗುರು ಸುಗ್ಗಿಗೆ ಸರಿಯಾದೀತು ಅಷ್ಟೇ.

ಉಗುರಿನ ಬುಡದಲ್ಲಿ ಒಂದು ತೆಳುವಾದ ಚರ್ಮದ ಅಂಚು ಇದೆ. ಬೆರಳು ನೋಡಿಕೊಳ್ಳಿರಿ, ಕಾಣುತ್ತದೆ. ಡಬ್ಬಿಗೆ ಮುಚ್ಚಳ ಇದ್ದ ಹಾಗೆ ಅದು. ನೀರು, ಹೊಲಸು, ರೋಗಾಣು ಒಳಗೆ ಇಳಿಯದಂತೆ ತಡೆಯುವುದೇ ಅದರ ಕೆಲಸ. ಈ ಅಂಚು ಗಟ್ಟಿ ಇದ್ದರೆ ಉಗುರು ಕಾಯುತ್ತದೆ, ಅದು ಹರಿದರೆ ಬಾಗಿಲು ತೆರೆದ ಹಾಗೆ. ಆದ್ದರಿಂದ ಅದನ್ನು ಕೀಳಬಾರದು, ಕತ್ತರಿಸಬಾರದು, ಹಲ್ಲಿನಿಂದ ಕಚ್ಚಬಾರದು. ಪಕ್ಕದಲ್ಲಿ ಸಿಬರು ಎದ್ದರೆ ಎಳೆಯಬೇಡಿ. ನೇಲ್ ಕಟರ್‌ನಿಂದ ಅದರ ತುದಿ ಮಾತ್ರ ಕತ್ತರಿಸಿ ಒಂದು ಹನಿ ಎಣ್ಣೆ ಹಚ್ಚಿರಿ.

ನೀರೇ ಮೊದಲ ಶತ್ರು

ಇದು ಕೇಳಿ ಆಶ್ಚರ್ಯ ಆಗಬಹುದು. ನೀರು ಕುಡಿದ ಉಗುರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗೆ ಆದರೆ ಉಗುರಿನ ಪದರಗಳು ಬಿಟ್ಟುಕೊಂಡು ತುದಿ ಸೀಳುತ್ತದೆ. ಬುಡದ ಚರ್ಮದ ಅಂಚೂ ಮೆತ್ತಗಾಗಿ ಹರಿಯುತ್ತದೆ. ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ಕೈ ನೀರಿನಲ್ಲಿದ್ದರೆ ಅದನ್ನು ಕೈಗೆ ಅಪಾಯ ತರುವ ಕೆಲಸ ಎಂದು ಕಾರ್ಮಿಕರ ಆರೋಗ್ಯ ನೋಡುವ ತಜ್ಞರು ಎಣಿಸುತ್ತಾರೆ. ಮುಸುರೆ ತಿಕ್ಕಿ, ಅರಿವೆ ಒಗೆದು, ಅಂಗಳ ಸಾರಿಸಿ, ದನದ ಕೊಟ್ಟಿಗೆ ತೊಳೆಯುವ ನಮ್ಮ ಹೆಣ್ಣುಮಕ್ಕಳ ಕೈ ಎಷ್ಟು ಹೊತ್ತು ನೀರಿನಲ್ಲಿ ಇರುತ್ತದೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ!

ನಮ್ಮ ಕಡೆ ಅನೇಕ ಊರುಗಳಲ್ಲಿ ಬೋರಿನ ಗಡಸು ನೀರೇ ಗತಿ. ಗಡಸು ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ಹಾಗಾಗಿ ಸಾಬೂನು, ಸೋಡಾ ಪುಡಿ ಹೆಚ್ಚು ಹಾಕುತ್ತೇವೆ. ಅವು ಚರ್ಮದ ಎಣ್ಣೆಯಂಶವನ್ನು ತೊಳೆದುಬಿಡುತ್ತವೆ. ಬೂದಿಯೂ ಖಾರವಾದದ್ದೇ. ಹಾಗಾದರೆ ಏನು ಮಾಡಬೇಕು?

1. ನೀರಿನ ಕೆಲಸಗಳನ್ನು ಒಟ್ಟಿಗೆ ಮಾಡಿಕೊಳ್ಳಿರಿ. ಎರಡು ಲೋಟ ತೊಳೆಯಲು ಹತ್ತು ಸಲ ಕೈ ಹಸಿ ಮಾಡುವುದಕ್ಕಿಂತ ಎರಡು ಹೊತ್ತು ಕುಳಿತು ತಿಕ್ಕುವುದು ಒಳ್ಳೆಯದು.

2. ಸೋಡಾ, ಬ್ಲೀಚಿಂಗ್ ಪುಡಿಯನ್ನು ಬರಿಗೈಯಿಂದ ಕಲಸಬೇಡಿ. ಕೋಲಿನಿಂದ ತಿರುವಿರಿ.

3. ಕೆಲಸ ಮುಗಿದ ಕೂಡಲೇ ಕೈಯನ್ನು ಒಳ್ಳೆಯ ನೀರಿನಿಂದ ತೊಳೆದು, ಬೆರಳ ಸಂದಿ, ಉಗುರಿನ ಸುತ್ತ ಒಣ ಬಟ್ಟೆಯಿಂದ ಒತ್ತಿ ಒರೆಸಿರಿ. ಒದ್ದೆ ಸೆರಗಿಗೆ ಒರೆಸಿದರೆ ಒರೆಸಿದಂತಲ್ಲ.

4. ಆಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ತೆಗೆದುಕೊಂಡು ಉಗುರಿನ ಬುಡಕ್ಕೆ ತಿಕ್ಕಿರಿ. ಹಗಲಿನಲ್ಲಿ ಆಗದಿದ್ದರೆ ರಾತ್ರಿ ಮಲಗುವ ಮುಂಚೆ ತಪ್ಪದೆ ಹಚ್ಚಿರಿ. ಹತ್ತು ಬೆರಳಿಗೂ ಸೇರಿ ಒಂದು ನಿಮಿಷದ ಕೆಲಸ.

5. ಆದರೆ ರಬ್ಬರ್ ಕೈಗವಸು ಹಾಕಿಕೊಳ್ಳಿರಿ. ಒಳಗೆ ತೆಳು ಹತ್ತಿಯ ಕೈಗವಸು ಇದ್ದರೆ ಇನ್ನೂ ಒಳ್ಳೆಯದು. ಬೆವರು ಬಂದರೆ ತೆಗೆದು ಕೈ ಒಣಗಿಸಿರಿ. ತೂತು ಬಿದ್ದ ಗವಸು ಹಾಕುವುದಕ್ಕಿಂತ ಹಾಕದೆ ಇರುವುದೇ ವಾಸಿ, ಏಕೆಂದರೆ ಒಳಗೆ ಹೊಕ್ಕ ಸಾಬೂನು ನೀರು ಹೊರಗೆ ಬರುವುದಿಲ್ಲ.

ಉಗುರು ಆಯುಧ ಅಲ್ಲ

ಡಬ್ಬಿ ಮುಚ್ಚಳ ಎಬ್ಬಿಸಲು, ಗಂಟು ಬಿಚ್ಚಲು, ಪಾತ್ರೆಯ ತಳದ ಸೀಕು ಕೆರೆಯಲು, ಬೆಳ್ಳುಳ್ಳಿ ಸುಲಿಯಲು, ಎಲ್ಲದಕ್ಕೂ ನಮಗೆ ಹೆಬ್ಬೆರಳಿನ ಉಗುರೇ ಬೇಕು. ಪ್ರತಿ ಸಲ ಹೀಗೆ ಒತ್ತಿದಾಗ ಉಗುರು ಅದರ ಕೆಳಗಿನ ಮಾಂಸದಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಬಿಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಅಲ್ಲಿ ನೀರು ನಿಂತು ರೋಗಾಣು ಸೇರುತ್ತವೆ. ಮುಚ್ಚಳಕ್ಕೆ ಚಮಚದ ಹಿಡಿ ಬಳಸಿರಿ. ಸೀಕು ಹತ್ತಿದ ಪಾತ್ರೆ ಅರ್ಧ ತಾಸು ನೆನೆಯಲಿ. ಬೆಳ್ಳುಳ್ಳಿ ಎಸಳನ್ನು ಬಟ್ಟಲಿನ ತಳದಿಂದ ಒಮ್ಮೆ ಒತ್ತಿದರೆ ಸಿಪ್ಪೆ ತಾನೇ ಬಿಡುತ್ತದೆ.

ಉಗುರಿನೊಳಗಿನ ಮಣ್ಣು ತೆಗೆಯಲು ಸೂಜಿ, ಪಿನ್ನು, ಜಾಲಿ ಮುಳ್ಳು ಹಾಕುವ ರೂಢಿ ಬಹಳ ಇದೆ. ದಯವಿಟ್ಟು ಬಿಡ್ರಿ. ಅದು ಉಗುರನ್ನು ಎಬ್ಬಿಸುತ್ತದೆ, ಮಣ್ಣನ್ನು ಇನ್ನೂ ಒಳಗೆ ತಳ್ಳುತ್ತದೆ. ಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ಕೈ ಇಟ್ಟು, ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಸಾಬೂನು ಹಚ್ಚಿ ತಿಕ್ಕಿದರೆ ಸಾಕು.

ನಮ್ಮ ನಮ್ಮ ಕೆಲಸ, ನಮ್ಮ ನಮ್ಮ ಜಾಗ್ರತೆ

ಹೊಲದ ಕೆಲಸ: ಮುಂಡರಗಿ, ಶಿರಹಟ್ಟಿ ಕಡೆಯ ಎರೆ ಮಣ್ಣು ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು. ಕಳೆ ತೆಗೆಯಲು ಹೋಗುವ ಮುಂಚೆ ಹಸಿ ಸಾಬೂನಿನ ತುಂಡನ್ನು ಉಗುರಿನಿಂದ ಮೆಲ್ಲಗೆ ಗೀರಿರಿ. ಉಗುರಿನ ಒಳಗೆ ಸಾಬೂನು ತುಂಬಿಕೊಂಡರೆ ಮಣ್ಣಿಗೆ ಜಾಗ ಇರುವುದಿಲ್ಲ, ಸಂಜೆ ತೊಳೆದಾಗ ಸಲೀಸಾಗಿ ಹೋಗುತ್ತದೆ. ಗಟ್ಟಿ ನೆಲದಲ್ಲಿ ಬೇರನ್ನು ಬೆರಳಿನಿಂದ ಕೆದರಬೇಡಿ, ಕುರ್ಪಿ ಬಳಸಿರಿ. ಹತ್ತಿ ಬಿಡಿಸುವಾಗ ಒಣಗಿದ ಕಾಯಿಯ ಚೂಪು ತುದಿ ಉಗುರಿನ ಪಕ್ಕಕ್ಕೇ ಚುಚ್ಚುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹಳೆಯ ಹತ್ತಿ ಬಟ್ಟೆಯ ಟೊಪ್ಪಿಗೆ ಹೊಲಿದು ಹಾಕಿಕೊಳ್ಳಿರಿ. ಕಡಲೆ ಗಿಡ ಕೀಳುವಾಗ ಎಲೆಯ ಮೇಲಿನ ಹುಳಿ ಉಗುರಿನ ಬಿರುಕಿಗೆ ಇಳಿದು ಉರಿಯುತ್ತದೆ. ಮೊದಲೇ ಬೆರಳಿಗೆ ಬಟ್ಟೆ ಸುತ್ತಿರಿ, ಕೆಲಸ ಬಿಟ್ಟ ಕೂಡಲೇ ಕೈ ತೊಳೆಯಿರಿ. ಔಷಧ ಹೊಡೆದ ಹೊಲಕ್ಕೆ ಹೋಗಬೇಕಾದರೆ ಯಾವ ದಿನ ಹೊಡೆದಿದ್ದಾರೆ ಎಂದು ಮೊದಲು ಕೇಳಿರಿ.

ಶೇಂಗಾ, ಉಳ್ಳಾಗಡ್ಡಿ: ದಿನವಿಡೀ ಶೇಂಗಾ ಸುಲಿದರೆ ಹೆಬ್ಬೆರಳಿನ ಉಗುರು ಸವೆದು ನೋವು ಬರುತ್ತದೆ. ಒಂದೇ ಬೆರಳಿಗೆ ಭಾರ ಕೊಡದೆ ಕೈ ಬದಲಿಸಿರಿ. ಬೀಜಕ್ಕಾಗಿ ಹೆಚ್ಚು ಸುಲಿಯುವುದಿದ್ದರೆ ಕೈಯಿಂದ ನಡೆಸುವ ಸುಲಿಯುವ ಯಂತ್ರಗಳಿವೆ, ಸಂಘದಿಂದ ಒಂದನ್ನು ತರುವ ಬಗ್ಗೆ ಮಾತಾಡಿರಿ. ಉಳ್ಳಾಗಡ್ಡಿ ಕೊಯ್ಯುವಾಗ ಎಡಗೈ ಬೆರಳ ತುದಿ ಒಳಕ್ಕೆ ಮಡಚಿ ಹಿಡಿದರೆ ಕುಡುಗೋಲು ಉಗುರಿಗೆ ತಾಗುವುದಿಲ್ಲ.

ಮೆಣಸಿನಕಾಯಿ: ತೊಟ್ಟು ಬಿಡಿಸುವ ಕೆಲಸ ಮಾಡುವವರಿಗೆ ಉರಿಯ ಸಂಕಟ ಗೊತ್ತು. ಮೆಣಸಿನಕಾಯಿಯ ಖಾರ ಬರೀ ನೀರಿಗೆ ಹೋಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಅಡಿಗೆ ಎಣ್ಣೆ ಹಚ್ಚಿ ಉಗುರಿನ ಸುತ್ತ ತಿಕ್ಕಿ, ಒರೆಸಿ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಕೈಗವಸು ಇದ್ದರೆ ಈ ಕಷ್ಟವೇ ಇಲ್ಲ. ಕೂಲಿ ಮಾತಾಡುವಾಗ ಕೈಗವಸನ್ನೂ ಕೇಳಿರಿ. ಒಬ್ಬಾಕೆ ಕೇಳಿದರೆ ಮಾಲಕರು ಕೇಳಲಿಕ್ಕಿಲ್ಲ, ಹತ್ತು ಮಂದಿ ಕೂಡಿ ಕೇಳಿದರೆ ಮಾತು ಬೇರೆ.

ಮಗ್ಗ, ಹೊಲಿಗೆ, ಕಾಗದ: ಬೆಟಗೇರಿಯ ನೇಕಾರ ಮನೆಗಳಲ್ಲಿ ನೂಲು ಸುತ್ತುವವರಿಗೆ ಸೀಳಿದ ಉಗುರು ಎರಡು ಕಡೆಯ ನಷ್ಟ. ಎಳೆ ಸಿಕ್ಕಿ ಹರಿಯುತ್ತದೆ, ಉಗುರೂ ಇನ್ನಷ್ಟು ಸೀಳುತ್ತದೆ. ಸಣ್ಣ ಅರ ಇಟ್ಟುಕೊಂಡು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ ತುದಿ ನುಣುಪು ಮಾಡಿರಿ. ಹಿಂದೆ ಮುಂದೆ ಗರಗಸದ ಹಾಗೆ ಉಜ್ಜಿದರೆ ಪದರ ಏಳುತ್ತದೆ. ನೂಲಿಗೆ ಬಣ್ಣ ಹಾಕುವವರು ಕೈಗವಸು ಇಲ್ಲದೆ ಬಣ್ಣದ ನೀರಿಗೆ ಕೈ ಹಾಕಲೇಬಾರದು. ಗದಗದ ಮುದ್ರಣಾಲಯಗಳಲ್ಲಿ ಪುಸ್ತಕದ ಹಾಳೆ ಮಡಿಸುವವರು ಮಡಿಕೆಯನ್ನು ಉಗುರಿನಿಂದ ತೀಡದೆ ನುಣುಪಾದ ಮರದ ಪಟ್ಟಿಯಿಂದ ತೀಡಿರಿ.

ರೊಟ್ಟಿ, ಚಟ್ನಿ ಪುಡಿ ಮಾರುವ ಸಂಘಗಳು: ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿದರೆ ಕೆರೆಯಬೇಡಿ, ನೆನೆಸಿ ತೊಳೆಯಿರಿ. ಆಹಾರ ಸುರಕ್ಷತೆಯ 2011ರ ನಿಯಮಗಳ ಪ್ರಕಾರ ಆಹಾರ ತಯಾರಿಸುವವರು ಉಗುರು ಕತ್ತರಿಸಿ ಸ್ವಚ್ಛವಾಗಿ ಇಟ್ಟುಕೊಳ್ಳಬೇಕು. ಬೆರಳಲ್ಲಿ ಕೀವು ಇದ್ದವರು ವಾಸಿಯಾಗುವ ತನಕ ಹಿಟ್ಟು ಮುಟ್ಟಬಾರದು. ಆ ದಿನಗಳಲ್ಲಿ ಅವರಿಗೆ ಲೆಕ್ಕ ಬರೆಯುವ ಕೆಲಸ, ಮಾರಾಟದ ಕೆಲಸ ಕೊಡಿರಿ. ಕೂಲಿಯೂ ಉಳಿಯುತ್ತದೆ, ಗಿರಾಕಿಯ ನಂಬಿಕೆಯೂ ಉಳಿಯುತ್ತದೆ.

ಕತ್ತರಿಸುವ ರೀತಿ

ವಾರಕ್ಕೊಮ್ಮೆ ಸ್ನಾನ ಆದ ಮೇಲೆ, ಉಗುರು ಮೆತ್ತಗಿರುವಾಗ ಕತ್ತರಿಸಿರಿ. ನೇರವಾಗಿ ಕತ್ತರಿಸಿ, ಮೂಲೆಯನ್ನು ಸ್ವಲ್ಪ ಮಾತ್ರ ದುಂಡಗೆ ಮಾಡಿರಿ. ಮೂಲೆಗೆ ಆಳ ಇಳಿಯಬೇಡಿ. ಕಾಲಿನ ಉಗುರಂತೂ ನೇರವೇ ಇರಲಿ, ಇಲ್ಲದಿದ್ದರೆ ಅದು ಮಾಂಸದೊಳಗೆ ಬೆಳೆದು ಕಾಟ ಕೊಡುತ್ತದೆ. ಬ್ಲೇಡು, ಈಳಿಗೆ, ಹಲ್ಲು ಮೂರೂ ಬೇಡ. ನೇಲ್ ಕಟರನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿಯೇ ಇನ್ನೊಬ್ಬರಿಗೆ ಕೊಡಿರಿ. ಉಗುರಿನ ರೋಗ ಇದ್ದವರಿಗೆ ಬೇರೆಯದೇ ಇರಲಿ.

“ದೀಪ ಹಚ್ಚಿದ ಮ್ಯಾಲೆ ಉಗುರು ತೆಗೀಬಾರ್ದು” ಎಂದು ಹಿರಿಯರು ಹೇಳುತ್ತಾರೆ. ಚಿಮಣಿ ಬೆಳಕಿನಲ್ಲಿ ಬ್ಲೇಡು ಹಿಡಿದು ಬೆರಳು ಕೊಯ್ದುಕೊಳ್ಳಬಾರದು ಎನ್ನುವುದಕ್ಕೆ ಅದು ಒಳ್ಳೆಯ ಮಾತೇ. ಮಂಗಳವಾರ, ಶುಕ್ರವಾರ ಬೇಡ ಎನ್ನುವ ಮನೆಯಾದರೆ ಜಗಳ ಬೇಡ, ಬುಧವಾರವೋ ಭಾನುವಾರವೋ ಗೊತ್ತು ಮಾಡಿರಿ. ವಾರ ಯಾವುದಾದರೂ ಇರಲಿ, ವಾರ ತಪ್ಪಬಾರದು. ಮಕ್ಕಳ ಉಗುರನ್ನೂ ಅದೇ ದಿನ ತೆಗೆಯಿರಿ. ಉಗುರು ಕಚ್ಚುವ ಮಕ್ಕಳ ಹೊಟ್ಟೆಗೆ ಮಣ್ಣಿನ ಜೊತೆ ಜಂತುಹುಳದ ತತ್ತಿಯೂ ಹೋಗುತ್ತದೆ.

ಹಬ್ಬ, ಮದುವೆಗೆ ಉಗುರಿಗೆ ಬಣ್ಣ ಹಚ್ಚಿಕೊಳ್ಳುವುದು ತಪ್ಪಲ್ಲ. ಒಣಗಿದ ಬಣ್ಣವನ್ನು ಮಾತ್ರ ಕೆರೆದು ತೆಗೆಯಬೇಡಿ, ಉಗುರಿನ ಮೇಲಿನ ಪದರವೂ ಕಿತ್ತುಬರುತ್ತದೆ. ಬಣ್ಣ ತೆಗೆಯುವ ದ್ರವ ಉಗುರನ್ನು ಒಣಗಿಸುತ್ತದೆ, ಆದ್ದರಿಂದ ಆಮೇಲೆ ಕೈ ತೊಳೆದು ಎಣ್ಣೆ ಹಚ್ಚಿರಿ. ಎರಡು ವಾರ ಬಣ್ಣ ಇದ್ದರೆ ಒಂದು ವಾರ ಬಿಡುವು ಕೊಡಿರಿ. ಮನೆಯ ಗಿಡದ ಮದರಂಗಿಯಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಬೇಗ ಕಪ್ಪಾಗಲಿ ಎಂದು ಕೂದಲಿಗೆ ಹಚ್ಚುವ ಬಣ್ಣ ಬೆರೆಸಿದ ಮದರಂಗಿ ಮಾತ್ರ ಬೇಡ, ಬೊಕ್ಕೆ ಏಳಬಹುದು.

ಉಗುರುಸುತ್ತು ಬಂದಾಗ

ಉಗುರಿನ ಪಕ್ಕ ಕೆಂಪಾಗಿ, ಬಾತು, ಟಣ್ ಟಣ್ ಎಂದು ಸಿಡಿಯತೊಡಗಿದರೆ ಅದು ಉಗುರುಸುತ್ತು. ತಕ್ಷಣ ನಿಂಬೆಹಣ್ಣು ತೂತು ಮಾಡಿ ಬೆರಳಿಗೆ ಟೊಪ್ಪಿಗೆ ಹಾಕುವುದು ನಮ್ಮಲ್ಲಿ ರೂಢಿ. ತಣ್ಣಗೆ ಅನಿಸಬಹುದು. ಆದರೆ ನಿಂಬೆಹುಳಿ ಹರಿದ ಚರ್ಮವನ್ನು ಇನ್ನೂ ಸುಡುತ್ತದೆ, ಒಳಗಿನ ಕೀವನ್ನು ಹೊರಗೆ ತರುವುದಿಲ್ಲ. ಸುಣ್ಣ ಹಚ್ಚಿದರೆ ಚರ್ಮ ಬೇಯುತ್ತದೆ. ಗಾಯಕ್ಕೆ ಸೆಗಣಿ, ಮಣ್ಣು ಹಾಕಿದರೆ ಧನುರ್ವಾಯು ಬರುವ ಭಯ ಇದೆ, ಅದು ಪ್ರಾಣಕ್ಕೇ ಅಪಾಯ.

ಅದರ ಬದಲು ಹೀಗೆ ಮಾಡಿರಿ. ತಾಳುವಷ್ಟು ಬೆಚ್ಚಗಿನ ನೀರಿಗೆ ಸ್ವಲ್ಪ ಉಪ್ಪು ಹಾಕಿ ದಿನಕ್ಕೆ 3-4 ಸಲ, ಪ್ರತಿ ಸಲ 10ರಿಂದ 15 ನಿಮಿಷ ಬೆರಳು ಇಡಿರಿ. ಚೆನ್ನಾಗಿ ಒಣಗಿಸಿರಿ. ಮುಳ್ಳು ಚುಚ್ಚಿ ಶುರುವಾಗಿದ್ದರೆ ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆ ಎಂದು ದವಾಖಾನೆಯಲ್ಲಿ ಹೇಳಿರಿ. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ, ಕೀವು ಕಂಡರೆ, ಕೆಂಪು ಬೆರಳಿನಿಂದ ಮೇಲೆ ಏರಿದರೆ, ಜ್ವರ ಬಂದರೆ ಸೂಜಿಯಿಂದ ನೀವೇ ಚುಚ್ಚದೆ ವೈದ್ಯರ ಹತ್ತಿರ ಹೋಗಿರಿ. ಸಕ್ಕರೆ ಕಾಯಿಲೆ ಇದ್ದವರು ಎರಡು ದಿನವೂ ಕಾಯಬಾರದು, ಕಂಡ ದಿನವೇ ಹೋಗಬೇಕು.

ಇನ್ನೊಂದು ಬಗೆ ಇದೆ. ಅದು ಸಿಡಿಯುವುದಿಲ್ಲ, ನಿಧಾನ. ಉಗುರಿನ ಬುಡ ತಿಂಗಳುಗಟ್ಟಲೆ ಉಬ್ಬಿಕೊಂಡೇ ಇರುತ್ತದೆ, ಚರ್ಮದ ಅಂಚು ಮಾಯವಾಗಿರುತ್ತದೆ, ಉಗುರಿನ ಮೇಲೆ ಅಡ್ಡ ಗೆರೆ ಬೀಳುತ್ತವೆ. ಸದಾ ನೀರಿನಲ್ಲಿ ಕೈ ಇರುವ ಹೆಂಗಸರಿಗೆ ಹೆಚ್ಚಾಗಿ ಬರುವುದು ಇದೇ. ಕೈ ಒಣಗಿಸಿಟ್ಟುಕೊಳ್ಳದೆ ಎಷ್ಟು ಮುಲಾಮು ಹಚ್ಚಿದರೂ ಇದು ವಾಸಿಯಾಗುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಮಿಶ್ರ ಮುಲಾಮುಗಳಲ್ಲಿ ಅನೇಕ ಸಲ ಸ್ಟಿರಾಯ್ಡ್ ಇರುತ್ತದೆ, ವೈದ್ಯರು ಹೇಳದೆ ಅವನ್ನು ಹಚ್ಚಬೇಡಿ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಸರಕಾರಿ ದವಾಖಾನೆಯಲ್ಲಿ ಮೊದಲು ತೋರಿಸಿರಿ. ಹೆಚ್ಚಿನ ತಪಾಸಣೆ ಬೇಕಾದರೆ ಗದಗದ ಜಿಮ್ಸ್ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಉಗುರು ಹೇಳುವ ಸುದ್ದಿ

ಉಗುರಿನ ಮೇಲೆ ಸಣ್ಣ ಬಿಳಿ ಚುಕ್ಕೆ ಕಂಡರೆ ಸುಣ್ಣದಂಶ ಕಡಿಮೆ ಎಂದು ಹೆದರಬೇಕಿಲ್ಲ. ಹೆಚ್ಚಾಗಿ ಅದು ಹಿಂದೆ ಎಂದೋ ತಾಗಿದ ಪೆಟ್ಟಿನ ಗುರುತು, ಉಗುರು ಬೆಳೆದಂತೆ ಹೋಗುತ್ತದೆ. ಆದರೆ ಕೆಲವನ್ನು ಬಿಡಬಾರದು:

ಉಗುರು ಮಧ್ಯದಲ್ಲಿ ತಗ್ಗಾಗಿ ಚಮಚದ ಹಾಗೆ ಆದರೆ, ಅಥವಾ ಬಿಳಿಚಿಕೊಂಡಿದ್ದರೆ ರಕ್ತಹೀನತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಇಪ್ಪತ್ತು ಜನರ ಸಂಘದಲ್ಲಿ ಹತ್ತಿರ ಹತ್ತಿರ ಹತ್ತು ಜನ! ಎಣ್ಣೆ ಹಚ್ಚಿದರೆ ಇಂಥ ಉಗುರು ಸರಿಯಾಗುವುದಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿರಿ, ಕೊಟ್ಟ ಕಬ್ಬಿಣದ ಗುಳಿಗೆ ತಪ್ಪದೆ ನುಂಗಿರಿ. ಸೊಪ್ಪು, ಹೆಸರು, ಮಡಕಿ ಕಾಳು, ತಿನ್ನುವವರಾದರೆ ಮೊಟ್ಟೆ, ಮಾಂಸ ಊಟದಲ್ಲಿರಲಿ. ಕಾಳಿನ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ನಿಂಬೆಹಣ್ಣಿನ ನಿಜವಾದ ಜಾಗ ತಟ್ಟೆ, ಬೆರಳಲ್ಲ. ಊಟದ ಜೊತೆಗೇ ಚಹಾ ಕುಡಿದರೆ ಆ ಅಂಶ ಕಡಿಮೆಯಾಗುತ್ತದೆ, ಒಂದು ತಾಸು ಬಿಟ್ಟು ಕುಡಿಯಿರಿ.

ಉಗುರು ಹಳದಿಯಾಗಿ, ದಪ್ಪಗಾಗಿ, ಪುಡಿ ಉದುರಿದರೆ ಶಿಲೀಂಧ್ರದ ಸೋಂಕು ಇರಬಹುದು. ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟು ದಿನ ಔಷಧ ಪೂರ್ತಿ ತೆಗೆದುಕೊಳ್ಳಬೇಕು. ಪೆಟ್ಟು ಬೀಳದೆ ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಬಂದು ಅಗಲವಾಗುತ್ತಾ ಹೋದರೆ ತಡಮಾಡದೆ ಚರ್ಮದ ವೈದ್ಯರಿಗೆ ತೋರಿಸಿರಿ.

ಸಂಘ ಏನು ಮಾಡಬಹುದು?

ಒಬ್ಬರಿಗೆ ಕಷ್ಟವಾದದ್ದು ಸಂಘಕ್ಕೆ ಸುಲಭ. ಕೈಗವಸುಗಳನ್ನು ಡಜನ್ ಲೆಕ್ಕದಲ್ಲಿ ಒಟ್ಟಿಗೆ ತಂದು ಸದಸ್ಯೆಯರಿಗೆ ಅಸಲು ಬೆಲೆಗೆ ಕೊಡಬಹುದು. ತಿಂಗಳಿಗೊಂದು ಸಭೆಯಲ್ಲಿ ಐದು ನಿಮಿಷ “ಕೈ ನೋಡುವ ಹೊತ್ತು” ಇಟ್ಟುಕೊಂಡು ಒಬ್ಬರ ಕೈ ಇನ್ನೊಬ್ಬರು ನೋಡಬಹುದು. ನಮ್ಮ ಬಾವು ನಮಗೆ ರೂಢಿಯಾಗಿಬಿಟ್ಟಿರುತ್ತದೆ, ಪಕ್ಕದವರ ಕಣ್ಣಿಗೆ ಬೇಗ ಬೀಳುತ್ತದೆ. ಬೆರಳು ನೋವಿನಿಂದ ಕೆಲಸಕ್ಕೆ ಹೋಗಲಾಗದ ಸದಸ್ಯೆಗೆ ದವಾಖಾನೆಗೆಂದು ಸಂಘದಿಂದ ಸಣ್ಣ ಸಾಲ ಕೂಡಲೇ ಸಿಗುವಂತೆ ಠರಾವು ಮಾಡಬಹುದು. ಮನೆಯಲ್ಲಿಯೂ ಮಾತಾಡಿರಿ. ಉಂಡ ತಟ್ಟೆ ತೊಳೆಯಲು ಗಂಡಸರಿಗೂ ಗಂಡುಮಕ್ಕಳಿಗೂ ಕೈಗಳಿವೆ. ತಾಯಿಯ ಕೈ ದಿನಕ್ಕೆ ಅರ್ಧ ತಾಸು ಒಣಗಿದ್ದರೂ ಅದು ಔಷಧವೇ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮಲ್ಲಿ ಎಷ್ಟು ಜನರಿಗೆ ಕಳೆದ ಒಂದು ವರ್ಷದಲ್ಲಿ ಉಗುರುಸುತ್ತು ಬಂದಿದೆ? ಎಷ್ಟು ದಿನದ ಕೂಲಿ ಹೋಯಿತು?

2. ನಾವು ಮಾಡುವ ಯಾವ ಕೆಲಸದಿಂದ ಉಗುರಿಗೆ ಹೆಚ್ಚು ತೊಂದರೆ? ಅದನ್ನು ಬೇರೆ ರೀತಿ ಮಾಡಲು ಬರುತ್ತದೆಯೇ?

3. ಕೈಗವಸು ತರಲು ಸಂಘದಿಂದ ಎಷ್ಟು ಹಣ ತೆಗೆಯಬಹುದು? ಯಾರು ತರುತ್ತಾರೆ?

ಮನೆಪಾಠ: ಇಂದು ರಾತ್ರಿಯಿಂದಲೇ ಶುರು ಮಾಡಿರಿ. ಕೈ ತೊಳೆಯಿರಿ, ಒರೆಸಿರಿ, ಉಗುರಿನ ಬುಡಕ್ಕೆ ಎಣ್ಣೆ ಹಚ್ಚಿರಿ. ಒಂದು ತಿಂಗಳು ಬಿಟ್ಟು ನೋಡಿದರೆ ಬುಡದಿಂದ ಸುಮಾರು 3 ಮಿಲಿಮೀಟರ್ ಹೊಸ ಉಗುರು ಬಂದಿರುತ್ತದೆ. ಅದು ಹೇಗಿದೆ ಎಂದು ಮುಂದಿನ ಸಭೆಯಲ್ಲಿ ಎಲ್ಲರಿಗೂ ತೋರಿಸಿರಿ.